ಒಣ ಹಬೆಯೋ, ಫ್ಲಾಶೋ, ಬೈನರಿಯೋ? ನೆಲದ ಬಿಸಿಯಿಂದ ಕರೆಂಟ್ ತೆಗೆಯುವ ದಾರಿಗಳ ಹೋಲಿಕೆ

"ಸಾರ್, ಮೂರ್ನಾಲ್ಕು ಥರದ ಪ್ಲಾಂಟ್ ಇದೆಯಂತಲ್ಲ, ಅದರಲ್ಲಿ ಯಾವುದು ಒಳ್ಳೇದು?"

ಭೂಶಾಖದ ವಿದ್ಯುತ್ತಿನ ಮಾತು ಎತ್ತಿದರೆ ಸಾಕು, ಈ ಪ್ರಶ್ನೆ ಬರುತ್ತದೆ. ಕೇಳುವವರು ಮೂರು ಥರದವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾಡೆಲ್ ಕಟ್ಟಬೇಕಾದ ಎಂಜಿನಿಯರಿಂಗ್ ಹುಡುಗರು ಒಂದು ಕಡೆ. ಹಿಮಾಲಯದ ಬಿಸಿನೀರಿನ ಬುಗ್ಗೆ ನೋಡಿ ಬಂದು, "ಅಲ್ಲೊಂದು ಹೋಟೆಲ್‌ಗಾದರೂ ಕರೆಂಟ್ ಯಾಕೆ ತೆಗೆಯಬಾರದು" ಎನ್ನುವವರು ಇನ್ನೊಂದು ಕಡೆ. ಮೂರನೆಯವರು ಕೀನ್ಯಾ, ಇಂಡೋನೇಷ್ಯಾ ಕಡೆ ಕೆಲಸ ಹುಡುಕುತ್ತಿರುವ ಮೆಕ್ಯಾನಿಕಲ್ ಓದಿದವರು. ಯಾವ ಥರದ ಪ್ಲಾಂಟ್ ಕಲಿತರೆ ಅನ್ನ ಹುಟ್ಟುತ್ತದೆ ಎಂಬುದು ಅವರ ಚಿಂತೆ.

ನಾನು ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಟರ್ಬೈನ್ ಹಾಲ್‌ನಲ್ಲಿ ವರ್ಷಗಟ್ಟಲೆ ಕೂತವನು. ನಾವು ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುತ್ತಿದ್ದೆವು. ಭೂಶಾಖದಲ್ಲಿ ನೆಲವೇ ಬಾಯ್ಲರು, ಅಷ್ಟೇ. ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರ್ ತಿರುಗಿಸುತ್ತದೆ, ಹಬೆ ಕಂಡೆನ್ಸರಿನಲ್ಲಿ ತಣಿದು ನೀರಾಗುತ್ತದೆ. ಇಷ್ಟು ಎಲ್ಲ ಕಡೆಯೂ ಒಂದೇ. ಜಗಳ ಇರುವುದು ನೆಲಕ್ಕೂ ಟರ್ಬೈನಿಗೂ ನಡುವಿನ ಪೈಪಿನಲ್ಲಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಂಗಡಿಗೆ ಹೋಗಿ ಮಿಕ್ಸಿ ಆರಿಸಿದ ಹಾಗಲ್ಲ. ಅರ್ಧ ಆಯ್ಕೆಯನ್ನು ನೆಲವೇ ಮಾಡಿ ಮುಗಿಸಿರುತ್ತದೆ. ನಮಗೆ ಬಿಟ್ಟಿರುವುದು ಉಳಿದರ್ಧ.

ಮೊದಲು ಕೇಳಬೇಕಾದ್ದು

ಕೆಳಗಿನ ಬಿಸಿ ಎಷ್ಟು, ಮೇಲೆ ಬರುವುದು ಹಬೆಯೋ ನೀರೋ? ಇದು ಮೊದಲ ಪ್ರಶ್ನೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದು ಲೋಕ, ಅದರ ಕೆಳಗಿದ್ದರೆ ಇನ್ನೊಂದು ಲೋಕ.

ಎರಡನೆಯದು, ನೀರಿನಲ್ಲಿ ಏನು ಕರಗಿದೆ. ಬೋರ್‌ವೆಲ್ ನೀರು ಬಳಸುವ ಮನೆಯ ಗೀಸರ್ ಬಿಚ್ಚಿ ನೋಡಿದ್ದೀರಾ? ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿರುತ್ತದೆ. ಭೂಶಾಖದ ಬಾವಿಯಲ್ಲಿ ಇದೇ ಕಾಟ, ಆದರೆ ನೂರು ಪಟ್ಟು. ಸುಣ್ಣದ ಜೊತೆ ಸಿಲಿಕಾ ಬರುತ್ತದೆ. ಅಂದರೆ ಪೈಪಿನೊಳಗೆ ಗಾಜು ಕಟ್ಟಿದ ಹಾಗೆ. ಆಸಿಡ್ ಹಾಕಿದರೆ ಸುಣ್ಣ ಹೋಗುತ್ತದೆ, ಸಿಲಿಕಾ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮೂರನೆಯದು, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ. ನಾಲ್ಕನೆಯದು, ತಣಿಸಲು ಏನಿದೆ: ನದಿಯೋ, ಬರೀ ಗಾಳಿಯೋ. ಐದನೆಯದು, ಕರೆಂಟ್ ಕೊಳ್ಳುವವರು ಎಷ್ಟು ದೂರ.

ಕೊನೆಯದು ದುಡ್ಡು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಲಾರದ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಯಿಂಟ್ ನೋಡಿಸಿ, ಸಾಲ ಮಾಡಿ, ಸಾವಿರದಿನ್ನೂರು ಅಡಿ ಕೊರೆಸಿ, ಕೊನೆಗೆ ಬರೀ ಧೂಳು ಬಂದರೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತು. ಭೂಶಾಖದ ಬಾವಿ ಅದೇ ಜೂಜು, ಆಳ ಮಾತ್ರ ಎರಡು ಕಿಲೋಮೀಟರ್, ಅಂದರೆ ಆರೂವರೆ ಸಾವಿರ ಅಡಿ. ಒಂದು ಬಾವಿಗೇ ಹತ್ತಾರು ಕೋಟಿ ರೂಪಾಯಿ. ಬಿಸಿ ಸಿಕ್ಕಿತು, ನೀರು ಸಿಗಲಿಲ್ಲ ಎಂದರೂ ಫೇಲೇ. ಇಡೀ ಪ್ಲಾಂಟಿನ ವೆಚ್ಚ ಜಾಗ ನೋಡಿ ಬದಲಾಗುತ್ತದೆ. ಸುಮಾರಾಗಿ ಒಂದು ಕಿಲೋವ್ಯಾಟ್‌ಗೆ 3000ದಿಂದ 6000 ಡಾಲರ್ ಎಂದು ಇಟ್ಟುಕೊಳ್ಳಿ. ಸೋಲಾರ್ ಇದಕ್ಕಿಂತ ಎಷ್ಟೋ ಅಗ್ಗ. ಆದರೆ ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್ ಇದ್ದರೂ ರಾತ್ರಿ ಎಂಟಕ್ಕೆ ಕೊಡುವುದು ಸೊನ್ನೆ. ಭೂಶಾಖ ರಾತ್ರಿ ಎಂಟಕ್ಕೂ ಅಷ್ಟೇ, ಬೆಳಗಿನ ಜಾವ ಮೂರಕ್ಕೂ ಅಷ್ಟೇ. ಈ ನಿಲ್ಲದ ಓಟಕ್ಕೇ ಜಾಸ್ತಿ ದುಡ್ಡು ಕೊಡುವುದು.

ಒಣ ಹಬೆ: ಸಿಕ್ಕರೆ ಅದೃಷ್ಟ

ಬಾವಿಯಿಂದ ನೀರಿನ ಹನಿ ಇಲ್ಲದ ಹಬೆ ನೇರವಾಗಿ ಬರುತ್ತದೆ. ಕಲ್ಲು, ಮಣ್ಣು ಸೋಸಿ ಟರ್ಬೈನಿಗೆ ಬಿಟ್ಟರೆ ಆಯಿತು. ಇದಕ್ಕಿಂತ ಸರಳ ಯಂತ್ರ ಇಲ್ಲ. ಇಡೀ ಕಥೆ ಶುರುವಾಗಿದ್ದೂ ಇಲ್ಲೇ. ಇಟಲಿಯ ಟಸ್ಕನಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ಪಿಯೆರೊ ಜಿನೋರಿ ಕಾಂಟಿ ಎಂಬಾತ ನೆಲದ ಹಬೆಯಿಂದ ಸಣ್ಣ ಡೈನಮೊ ತಿರುಗಿಸಿ ಐದು ಬಲ್ಬ್ ಉರಿಸಿದ. 1913ರ ಹೊತ್ತಿಗೆ ಅಲ್ಲಿ 250 ಕಿಲೋವ್ಯಾಟಿನ ಪ್ಲಾಂಟ್ ಓಡುತ್ತಿತ್ತು. ಅಲ್ಲಿ ಇಂದಿಗೂ ಕರೆಂಟ್ ತಯಾರಾಗುತ್ತಿದೆ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಕಟ್ಟುವುದಿಲ್ಲ? ಇಂಥ ನೆಲ ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಇದೆ. ದೊಡ್ಡದು ಅಮೆರಿಕದ ಕ್ಯಾಲಿಫೋರ್ನಿಯಾದ 'ದಿ ಗೀಸರ್ಸ್'. 1960ರಲ್ಲಿ 11 ಮೆಗಾವ್ಯಾಟಿನಿಂದ ಶುರುವಾಗಿ 1980ರ ದಶಕದ ಕೊನೆಗೆ ಅಲ್ಲಿನ ಉತ್ಪಾದನೆ ತುದಿ ಮುಟ್ಟಿತು. ಆಮೇಲೆ ಹಬೆಯ ಒತ್ತಡ ಕುಸಿಯತೊಡಗಿತು. ಕೆಳಗೆ ಬೆಂಕಿ ಆರಿರಲಿಲ್ಲ, ಪಾತ್ರೆಯಲ್ಲಿ ನೀರು ಬತ್ತಿತ್ತು. ಎಲ್ಲರೂ ಒಂದೇ ಕೆರೆಯಿಂದ ಮೋಟರ್ ಹಾಕಿ ಎಳೆದ ಹಾಗೆ. ಕೊನೆಗೆ ಊರುಗಳ ಕೊಳಚೆ ನೀರನ್ನು ಶುದ್ಧ ಮಾಡಿ, ಪೈಪಿನಲ್ಲಿ ತಂದು ನೆಲಕ್ಕೆ ಇಳಿಸಲು ಶುರು ಮಾಡಿದರು. 1997ರಲ್ಲಿ ಒಂದು ಪೈಪ್‌ಲೈನ್, 2003ರಲ್ಲಿ ಸಾಂತಾ ರೋಸಾ ಊರಿನಿಂದ ಸುಮಾರು 65 ಕಿಲೋಮೀಟರಿನ ಇನ್ನೊಂದು. ಅದರಿಂದ ಕುಸಿತ ತಡೆಯಿತು. ಊರಿನ ಬಚ್ಚಲ ನೀರು ಬೆಟ್ಟದೊಳಗೆ ಹೋಗಿ ಹಬೆಯಾಗಿ, ಕರೆಂಟ್ ಆಗಿ ವಾಪಸ್ ಬರುತ್ತದೆ. ನನಗೆ ಈ ಲೆಕ್ಕ ಬಹಳ ಇಷ್ಟ.

ನಿಮ್ಮ ನೆಲದಲ್ಲಿ ಒಣ ಹಬೆ ಇದ್ದರೆ ಯೋಚನೆ ಬೇಡ, ಇದೇ ಸರಿ. ಇಲ್ಲದಿದ್ದರೆ ಇದರ ಆಸೆ ಬಿಟ್ಟುಬಿಡಿ. ಕೆಲಸ ಹುಡುಕುವವರಿಗೂ ಇದೇ ಮಾತು.

ಫ್ಲಾಶ್: ಕುಕ್ಕರ್ ಮುಚ್ಚಳ ತೆಗೆದ ಹಾಗೆ

ಹೆಚ್ಚಿನ ಕಡೆ ಕೆಳಗೆ ಇರುವುದು ಹಬೆಯಲ್ಲ, ಕುದಿಯದ ಬಿಸಿನೀರು. 240 ಡಿಗ್ರಿ ಇದ್ದರೂ ಕುದಿಯುವುದಿಲ್ಲ. ಯಾಕೆಂದರೆ ಮೇಲಿನ ನೀರಿನ ಭಾರ ಒತ್ತಿ ಹಿಡಿದಿರುತ್ತದೆ. ಕುಕ್ಕರಿನಲ್ಲಿ ನೀರು 120 ಡಿಗ್ರಿವರೆಗೆ ಹೋಗುವುದೂ ಹೀಗೇ. ಬಿಸಿ ಇರುವಾಗಲೇ ವೆಯ್ಟ್ ಎತ್ತಿ ನೋಡಿ. ಒಲೆ ಆರಿಸಿದ್ದರೂ ಬುಸ್ಸೆಂದು ಹಬೆ ಬರುತ್ತದಲ್ವಾ? ಅದೇ ಫ್ಲಾಶ್. ಒತ್ತಡ ಇಳಿದ ಕೂಡಲೇ ನೀರಿನ ಒಂದು ಪಾಲು ತಾನಾಗಿಯೇ ಹಬೆಯಾಗುತ್ತದೆ.

ಎಷ್ಟು ಪಾಲು? 240 ಡಿಗ್ರಿಯ ನೀರನ್ನು ಆರು ಬಾರ್ ಒತ್ತಡಕ್ಕೆ ಇಳಿಸಿದರೆ ನೂರು ಕೆಜಿಗೆ ಹದಿನೇಳೋ ಹದಿನೆಂಟೋ ಕೆಜಿ ಹಬೆ. 200 ಡಿಗ್ರಿಯ ನೀರಾದರೆ ಒಂಬತ್ತು ಕೆಜಿಯೂ ಇಲ್ಲ. ಬಿಸಿ 40 ಡಿಗ್ರಿ ಇಳಿದರೆ ಹಬೆ ಅರ್ಧಕ್ಕೆ ಬಿತ್ತು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಸಾಕು, 180ರ ಕೆಳಗೆ ಫ್ಲಾಶ್ ಗಿಟ್ಟುವುದು ಯಾಕೆ ಕಷ್ಟ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಎಂಬತ್ತಕ್ಕೂ ಹೆಚ್ಚು ಕೆಜಿ ನೀರು ಇನ್ನೂ ಬಿಸಿಯಾಗಿಯೇ ಇರುತ್ತದೆ. ಅದನ್ನು ಇನ್ನೂ ಕಡಿಮೆ ಒತ್ತಡದ ಪಾತ್ರೆಗೆ ಬಿಟ್ಟು ಮತ್ತೊಮ್ಮೆ ಹಬೆ ತೆಗೆದರೆ ಡಬಲ್ ಫ್ಲಾಶ್. ಕರೆಂಟ್ ಜಾಸ್ತಿ ಸಿಗುತ್ತದೆ. ಆದರೆ ನೀರು ತಣಿದಷ್ಟೂ ಸಿಲಿಕಾ ಕಟ್ಟುತ್ತದೆ. ದುರಾಸೆ ಮಾಡಿದರೆ ಪೈಪು ಕೆರೆಯುವುದೇ ಕೆಲಸವಾಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ನೀರಿನ ಟ್ರೀಟ್‌ಮೆಂಟ್ ಕೆಟ್ಟು, ಟರ್ಬೈನ್ ಬ್ಲೇಡಿನ ಮೇಲೆ ಸಿಲಿಕಾ ಕೂತು, ಸೀಸನ್ ಮಧ್ಯೆ ಯಂತ್ರ ಬಿಚ್ಚಬೇಕಾಯಿತು. ಹದಿನಾಲ್ಕು ದಿನ. ಗೇಟಿನ ಹೊರಗೆ ಕಬ್ಬಿನ ಗಾಡಿಗಳ ಸಾಲು. ಆ ಬಿಳಿ ಪದರವನ್ನು ಉಗುರಿನಲ್ಲಿ ಕೆರೆದರೆ ಉಗುರೇ ಸವೆಯುತ್ತಿತ್ತು.

ಬಿಸಿನೀರಿನಿಂದ ಹೀಗೆ ಹಬೆ ಬೇರ್ಪಡಿಸಿದ ಮೊದಲ ದೊಡ್ಡ ಪ್ಲಾಂಟ್ ನ್ಯೂಜಿಲೆಂಡಿನ ವೈರಾಕೆಯದು, 1958ರಲ್ಲಿ. ಅಲ್ಲಿ ವರ್ಷಾನುಗಟ್ಟಲೆ ನೀರು ತೆಗೆದರು, ವಾಪಸ್ ಇಳಿಸಲಿಲ್ಲ. ಒಂದು ಕಡೆ ನೆಲ 14 ಮೀಟರಿಗೂ ಜಾಸ್ತಿ ಕುಸಿಯಿತು. ನಾಲ್ಕಂತಸ್ತಿನ ಮನೆಯ ಎತ್ತರ! ಈಗ ನೀರನ್ನು ಮತ್ತೆ ನೆಲಕ್ಕೆ ಇಳಿಸುವ ಬಾವಿ ಇಲ್ಲದೆ ಯಾರೂ ಪ್ಲಾನ್ ಹಾಕುವುದಿಲ್ಲ. ಕೊಟೇಶನ್‌ನಲ್ಲಿ ಆ ಬಾವಿಯ ಖರ್ಚು ಕಾಣದಿದ್ದರೆ ಅನುಮಾನ ಪಡಿ.

ವಾಸನೆಯ ವಿಷಯ. ಹಬೆಯ ಜೊತೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಕೊಳೆತ ಮೊಟ್ಟೆಯ ನಾತ. ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಕೂಡ. ಐಸ್‌ಲ್ಯಾಂಡಿನ ಹೆಟ್ಲಿಶೇಡಿ ಪ್ಲಾಂಟಿನಲ್ಲಿ ಈ ಗ್ಯಾಸನ್ನು ನೀರಿನಲ್ಲಿ ಸೋಡಾದ ಹಾಗೆ ಕರಗಿಸಿ ಕೆಳಗಿನ ಬಸಾಲ್ಟ್ ಬಂಡೆಗೆ ಇಳಿಸುತ್ತಾರೆ. ಎರಡು ವರ್ಷದೊಳಗೆ ಬಹುಪಾಲು ಕಲ್ಲಾಗಿಬಿಡುತ್ತದೆ. ಬಸಾಲ್ಟ್ ಎಂದರೆ ವಿಜಯಪುರ, ಬೀದರ ಕಡೆಯ ಕರಿಕಲ್ಲೇ.

ಅದೇ ಹೆಟ್ಲಿಶೇಡಿ ಲೆಕ್ಕದ ದೃಷ್ಟಿಯಿಂದಲೂ ಪಾಠ. 45 ಮೆಗಾವ್ಯಾಟಿನ ಆರು ಟರ್ಬೈನ್, ಎರಡನೇ ಸಲದ ಹಬೆಗೆ 33 ಮೆಗಾವ್ಯಾಟಿನ ಇನ್ನೊಂದು, ಒಟ್ಟು 303. ಇಷ್ಟಾದ ಮೇಲೂ ಉಳಿದ ಬಿಸಿಯಲ್ಲಿ ತಣ್ಣೀರು ಕಾಯಿಸಿ ರಾಜಧಾನಿ ರೇಕ್ಯಾವಿಕ್‌ನ ಮನೆಗಳಿಗೆ ಪೈಪಿನಲ್ಲಿ ಕಳಿಸುತ್ತಾರೆ. ಕರೆಂಟ್ ಮಾತ್ರ ಮಾರಿದ್ದರೆ ಬಿಸಿಯ ದೊಡ್ಡ ಪಾಲು ಗಾಳಿಪಾಲಾಗುತ್ತಿತ್ತು.

ಫ್ಲಾಶ್ ಯಾರಿಗೆ? 200 ಡಿಗ್ರಿ ದಾಟಿದ ನೆಲ, ಹತ್ತಾರು ಮೆಗಾವ್ಯಾಟ್ ಕೊಳ್ಳುವ ಗ್ರಿಡ್, ಹತ್ತಾರು ಬಾವಿ ಕೊರೆಸುವ ತಾಕತ್ತು, ಇವಿಷ್ಟೂ ಇರುವವರಿಗೆ. ಕೀನ್ಯಾದ ಓಲ್ಕಾರಿಯಾ ಇದಕ್ಕೆ ಒಳ್ಳೆಯ ಉದಾಹರಣೆ. 1981ರಲ್ಲಿ 15 ಮೆಗಾವ್ಯಾಟಿನ ಒಂದು ಯಂತ್ರದಿಂದ ಶುರು ಮಾಡಿದರು. ಇಂದು ಆ ದೇಶದ ಕರೆಂಟಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಭೂಶಾಖದ್ದು. ಅಲ್ಲಿ ಇನ್ನೊಂದು ಜಾಣತನ ಇದೆ. ದೊಡ್ಡ ಪ್ಲಾಂಟ್ ಕಟ್ಟಿ ಮುಗಿಯುವ ತನಕ ಕೊರೆದ ಬಾವಿ ಸುಮ್ನೆ ಬಿಡದೆ, ಬಾವಿಯ ಬಾಯಲ್ಲೇ ಸಣ್ಣ ಜನರೇಟರ್ ಕೂರಿಸಿ ಸಂಪಾದನೆ ಶುರು ಮಾಡುತ್ತಾರೆ. ಕೈಯಲ್ಲಿ ಕಾಸು ಕಡಿಮೆ ಇದ್ದವರು ಇದನ್ನು ನೋಡಬೇಕು.

ಬೈನರಿ: ತುಪ್ಪದ ಬಟ್ಟಲು ಬಿಸಿನೀರಿನಲ್ಲಿ

ಗಟ್ಟಿಯಾದ ತುಪ್ಪವನ್ನು ಒಲೆಯ ಮೇಲೆ ಇಡದೆ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೀರಲ್ಲ, ಬೈನರಿ ಅದೇ ಉಪಾಯ. ನೆಲದ ನೀರು ಟರ್ಬೈನ್ ಮುಟ್ಟುವುದೇ ಇಲ್ಲ. ಅದರ ಬಿಸಿ ಮಾತ್ರ ಇನ್ನೊಂದು ದ್ರವಕ್ಕೆ ದಾಟುತ್ತದೆ. ಆ ದ್ರವ ಬೇಗ ಕುದಿಯುವಂಥದ್ದು. ಐಸೊಪೆಂಟೇನ್ ಕುದಿಯುವುದು ಸುಮಾರು 28 ಡಿಗ್ರಿಗೆ. ಮಾರ್ಚ್ ಮಧ್ಯಾಹ್ನ ಬೆಂಗಳೂರಿನಲ್ಲಿ ಬಾಟಲಿ ತೆರೆದಿಟ್ಟರೆ ಒಲೆ ಇಲ್ಲದೆಯೇ ಗುಳುಗುಳು ಎನ್ನುತ್ತದೆ. (ತೆರೆದಿಡಬೇಡಿ. ಪೆಟ್ರೋಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ.) ಅದರ ಆವಿ ಟರ್ಬೈನ್ ತಿರುಗಿಸಿ, ತಣಿದು, ಮತ್ತೆ ಅದೇ ಪೈಪಿನಲ್ಲಿ ಸುತ್ತುತ್ತದೆ. ನೆಲದ ನೀರು ಬಂದ ಹಾಗೇ ವಾಪಸ್ ನೆಲಕ್ಕೆ. ಹೊರಗೆ ನಾತವಿಲ್ಲ, ಹೊಗೆಯಿಲ್ಲ. ಟರ್ಬೈನಿಗೆ ಸಿಲಿಕಾ ಭಯವೂ ಇಲ್ಲ.

ಎಷ್ಟು ಕಡಿಮೆ ಬಿಸಿಯಲ್ಲಿ ನಡೆಯುತ್ತದೆ? ಅಲಾಸ್ಕಾದ ಚೇನಾ ಹಾಟ್ ಸ್ಪ್ರಿಂಗ್ಸ್ ರೆಸಾರ್ಟಿನಲ್ಲಿ 2006ರಿಂದ ಬರೀ 74 ಡಿಗ್ರಿಯ ನೀರಿನಲ್ಲಿ ಓಡಿಸಿದ್ದಾರೆ. ಕಾಫಿ ಡಿಕಾಕ್ಷನ್ ಇಳಿಸುವ ನೀರು ಇದಕ್ಕಿಂತ ಬಿಸಿ ಇರುತ್ತದೆ! ದೊಡ್ಡ ಕಟ್ಟಡಗಳ ಏಸಿಗೆ ಬಳಸುವ ಯಂತ್ರದ ಭಾಗಗಳನ್ನೇ ಉಲ್ಟಾ ಓಡಿಸಿ, ಸುಮಾರು 200 ಕಿಲೋವ್ಯಾಟಿನ ಎರಡು ಯೂನಿಟ್ ಮಾಡಿದರು. ಅದಕ್ಕೆ ಮೊದಲು ಆ ಜಾಗ ಡೀಸೆಲ್ ಜನರೇಟರ್ ಮೇಲೆ ಬದುಕುತ್ತಿತ್ತು.

ಆದರೆ ಚೇನಾ ಕಥೆ ಓದಿ ಕುಣಿಯುವ ಮುನ್ನ ಇನ್ನೊಂದು ತುದಿ ನೋಡಿ. ಅವರ ಗುಟ್ಟು ಬಿಸಿನೀರಲ್ಲ, ತಣ್ಣೀರು. ತಣಿಸಲು ಅವರಿಗೆ ಸಿಗುವುದು ನಾಲ್ಕು ಡಿಗ್ರಿಯ ಆಸುಪಾಸಿನ ನೀರು. 74ಕ್ಕೂ 4ಕ್ಕೂ ನಡುವೆ ಬಿಸಿಯನ್ನು ಕರೆಂಟ್ ಮಾಡುವುದರಲ್ಲಿ ಯಾವ ಯಂತ್ರವೂ ದಾಟಲಾಗದ ಮಿತಿ 20 ಪರ್ಸೆಂಟ್. ಅವರಿಗೆ ನಿಜಕ್ಕೂ ಸಿಕ್ಕಿದ್ದು ಎಂಟು ಪರ್ಸೆಂಟಿನ ಆಸುಪಾಸು. ಅದೇ ಯಂತ್ರವನ್ನು ಕಲಬುರಗಿಯ ಮೇ ತಿಂಗಳ 40 ಡಿಗ್ರಿ ಗಾಳಿಯಲ್ಲಿ ಇಟ್ಟರೆ ಮಿತಿಯೇ 10ಕ್ಕೆ ಇಳಿಯುತ್ತದೆ. ಕೈಗೆ ಸಿಗುವುದು ಮೂರೋ ನಾಲ್ಕೋ. ಅದರಲ್ಲಿ ಪಂಪು, ಫ್ಯಾನು ತಿನ್ನುವುದನ್ನು ಕಳೆದರೆ ಉಳಿಯುವುದು ಗಾಳಿ.

ಬೈನರಿಯ ನಿಜವಾದ ತೊಂದರೆ ಇದೇ: ಸ್ವಂತ ಹೊಟ್ಟೆ ದೊಡ್ಡದು. ಗಾಳಿಯಿಂದ ತಣಿಸುವ ಪ್ಲಾಂಟ್ ತಾನು ಮಾಡಿದ ಕರೆಂಟಿನಲ್ಲಿ ಐದರಲ್ಲೊಂದು ಪಾಲನ್ನು ತಾನೇ ತಿನ್ನುವುದೂ ಉಂಟು. ಶಾಖ ದಾಟಿಸುವ ಎಕ್ಸ್‌ಚೇಂಜರ್‌ಗಳೂ ದೊಡ್ಡವು, ದುಬಾರಿ. ಒಂದು ಮೆಗಾವ್ಯಾಟಿಗೆ ಬೀಳುವ ಖರ್ಚು ಫ್ಲಾಶಿಗಿಂತ ಸಾಮಾನ್ಯವಾಗಿ ಜಾಸ್ತಿ. ಅನುಕೂಲ ಏನೆಂದರೆ ಸಣ್ಣದಾಗಿ ಶುರು ಮಾಡಬಹುದು, ಆಮೇಲೆ ಪಕ್ಕದಲ್ಲಿ ಇನ್ನೊಂದು ಯೂನಿಟ್ ಸೇರಿಸಬಹುದು.

ಬಿಸಿ ಇದೆ, ನೀರಿಲ್ಲ

ನಾಲ್ಕನೆಯ ದಾರಿಗೆ ಇಜಿಎಸ್ ಎನ್ನುತ್ತಾರೆ. ಆಳದ ಒಣ ಬಂಡೆಯನ್ನು ನೀರಿನ ಒತ್ತಡದಿಂದ ಬಿರುಕು ಬಿಡಿಸಿ, ಒಂದು ಬಾವಿಯಿಂದ ನೀರು ಇಳಿಸಿ, ಇನ್ನೊಂದರಿಂದ ಬಿಸಿಯಾಗಿ ತೆಗೆಯುವುದು. ಮೇಲೆ ಕೂರಿಸುವುದು ಸಾಮಾನ್ಯವಾಗಿ ಬೈನರಿಯನ್ನೇ. ಇದು ಎಲ್ಲಿ ಬೇಕಾದರೂ ನಡೆಯುತ್ತದೆ ಎಂಬ ಮಾತು ಕೇಳಲು ಚೆಂದ. ಆದರೆ ಸ್ವಿಜರ್ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ ಊರ ಕೆಳಗೇ ಹೀಗೆ ಮಾಡಲು ಹೋಗಿ 3.4 ತೀವ್ರತೆಯ ಭೂಕಂಪವಾಗಿ ಯೋಜನೆಯೇ ನಿಂತಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ ಆದ ಭೂಕಂಪಕ್ಕೂ ಇಂಥದೇ ಕೆಲಸ ಕಾರಣ ಎಂದು ಅಲ್ಲಿನ ಸರ್ಕಾರ ನೇಮಿಸಿದ ತಜ್ಞರು 2019ರಲ್ಲಿ ಹೇಳಿದರು. ಇನ್ನೊಂದು ಕಡೆ ಅಮೆರಿಕದ ನೆವಾಡಾದಲ್ಲಿ 2023ರಲ್ಲಿ ಫರ್ವೋ ಕಂಪನಿ ತೈಲದವರ ಹಾಗೆ ಅಡ್ಡಡ್ಡ ಬಾವಿ ಕೊರೆದು 3.5 ಮೆಗಾವ್ಯಾಟ್ ತೋರಿಸಿದೆ. ಹಣ, ಧೈರ್ಯ, ಜನವಸತಿ ಇಲ್ಲದ ಜಾಗ ಮೂರೂ ಇದ್ದವರ ಆಟ ಇದು. ಉಳಿದವರು ಸದ್ಯಕ್ಕೆ ನೋಡುತ್ತಿರಿ.

ನಿಜವಾದ ಆಯ್ಕೆ ಎಲ್ಲಿದೆ

240 ಡಿಗ್ರಿ ಇದ್ದರೆ ಫ್ಲಾಶ್, 120 ಇದ್ದರೆ ಬೈನರಿ. ಇದರಲ್ಲಿ ಯೋಚಿಸಲು ಏನಿಲ್ಲ. ತಲೆ ಬಿಸಿಯಾಗುವುದು 160ರಿಂದ 200ರ ನಡುವೆ. ಅಲ್ಲಿ ಎರಡೂ ಓಡುತ್ತವೆ.

ಆಗ ನಾನು ನೋಡುವುದು ಹೀಗೆ. ಬಂಡವಾಳ ಬಿಗಿ ಇದ್ದು, ಹತ್ತಿರ ಊರಿಲ್ಲದೆ, ನೀರು ತಕ್ಕಮಟ್ಟಿಗೆ ಶುದ್ಧವಿದ್ದರೆ ಫ್ಲಾಶ್. ಹತ್ತಿರ ಊರು, ತೋಟ, ಹೊಳೆ ಇದ್ದರೆ, ನೀರಿನಲ್ಲಿ ಗ್ಯಾಸ್ ಜಾಸ್ತಿ ಇದ್ದರೆ ಬೈನರಿ, ಖರ್ಚು ಹೆಚ್ಚಾದರೂ ಸರಿ. ಬಾವಿಯ ಒತ್ತಡ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೂ ಬೈನರಿಯೇ, ಯಾಕೆಂದರೆ ತೆಗೆದ ನೀರೆಲ್ಲ ವಾಪಸ್ ಹೋಗುತ್ತದೆ. ಇನ್ನು ಎರಡನ್ನೂ ಜೋಡಿಸುವ ದಾರಿಯೂ ಇದೆ. ವೈರಾಕೆಯಲ್ಲಿ 2005ರಲ್ಲಿ ಮಾಡಿದ್ದು ಅದೇ: ಫ್ಲಾಶ್ ಬಿಟ್ಟ ನೀರಿನ ಬಿಸಿಗೆ ಒಂದು ಬೈನರಿ. ಹಳೆಯ ಪ್ಲಾಂಟ್ ಇದ್ದವರಿಗೆ ಹೊಸ ಬಾವಿ ಕೊರೆಸುವುದಕ್ಕಿಂತ ಇದು ಲೇಸು.

ಕೆಲಸ ಹುಡುಕುವವರಿಗೆ: ಫ್ಲಾಶ್ ಗೊತ್ತಿದ್ದರೆ ಕೀನ್ಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳ ದೊಡ್ಡ ಪ್ಲಾಂಟುಗಳಿಗೆ ದಾರಿ ಇದೆ. ಬೈನರಿಯ ಓಆರ್‌ಸಿ (ಆರ್ಗ್ಯಾನಿಕ್ ರಾಂಕಿನ್ ಸೈಕಲ್, ಅಂದರೆ ಬೇಗ ಕುದಿಯುವ ದ್ರವ ಸುತ್ತುವ ಆ ಚಕ್ರ) ಗೊತ್ತಿದ್ದರೆ ಭೂಶಾಖ ಇಲ್ಲದ ಊರಲ್ಲೂ ಅನ್ನವಿದೆ. ಸಿಮೆಂಟ್, ಉಕ್ಕು ಕಾರ್ಖಾನೆಗಳ ಹೊಗೆಯ ಬಿಸಿಯಿಂದ ಕರೆಂಟ್ ತೆಗೆಯುವುದಕ್ಕೂ ಅದೇ ಯಂತ್ರ. ನಾನಾಗಿದ್ದರೆ ಎರಡನೆಯದನ್ನು ಕಲಿಯುತ್ತಿದ್ದೆ.

ಪ್ರಾಜೆಕ್ಟ್ ಹುಡುಗರಿಗೆ: ಫ್ಲಾಶ್ ಮಾಡೆಲ್ ಬೇಡ. ಒತ್ತಡದ ಪಾತ್ರೆಯ ಜೊತೆ ಹಾಸ್ಟೆಲ್‌ನಲ್ಲಿ ಆಟ ಆಡಬೇಡಿ. ಬೈನರಿ ಕಟ್ಟಿ, ಆದರೆ ಪೆಂಟೇನ್ ಬೇಡ, ಹೊತ್ತಿಕೊಳ್ಳದ ರೆಫ್ರಿಜರೆಂಟ್ ತನ್ನಿ. ಅದೂ ಒತ್ತಡದ್ದೇ, ಏಸಿ ರಿಪೇರಿ ಬಲ್ಲವರು ಪಕ್ಕದಲ್ಲಿರಲಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಹಿಂದೆ ಹಿಮಾಚಲದ ಮಣಿಕರಣ್‌ನಲ್ಲಿ 5 ಕಿಲೋವ್ಯಾಟಿನ ಬೈನರಿಯನ್ನು ಓಡಿಸಿ ತೋರಿಸಿತ್ತು. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಕಂಪನಿಯವರು 20 ಕಿಲೋವ್ಯಾಟಿನದನ್ನು ಮಾಡಿದ್ದಾರೆ. ನಿಮ್ಮದು ಒಂದು ಎಲ್‌ಇಡಿ ಉರಿಸಿದರೂ ಸಾಕು, ಜಿನೋರಿ ಕಾಂಟಿ ಉರಿಸಿದ್ದೂ ಐದೇ ಬಲ್ಬು.

ಇನ್ನು ಬುಗ್ಗೆ ನೋಡಿ ಬಂದವರು. ನಮ್ಮ ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥ ಸ್ನಾನಕ್ಕೆ ಹಿತ, ಕರೆಂಟಿಗಲ್ಲ. ಅದರ ನೀರು ಬೆಚ್ಚಗೆ ಅಷ್ಟೇ. ಕರೆಂಟಿನ ಮಾತಾಡಬೇಕಾದರೆ ಲಡಾಖಿನ ಪುಗಾಕ್ಕೆ ಹೋಗಬೇಕು. ಅಲ್ಲಿ ಬುಗ್ಗೆಯ ನೀರು 84 ಡಿಗ್ರಿ. ಕಡಿಮೆ ಅನಿಸಿತಾ? ಪುಗಾ ಇರುವುದು ಸುಮಾರು 4400 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಅಂದರೆ ಅದು ಕುದಿಯುವ ನೀರು. ಆಳಕ್ಕೆ ಹೋದರೆ ಬಿಸಿ ಇನ್ನೂ ಜಾಸ್ತಿ. ಚಳಿ ಧಾರಾಳ, ಆದ್ದರಿಂದ ತಣಿಸಲು ಚಿಂತೆಯಿಲ್ಲ. 2021ರಲ್ಲಿ ಓಎನ್‌ಜಿಸಿ ಅಲ್ಲಿ ಮೊದಲು ಒಂದು ಮೆಗಾವ್ಯಾಟ್ ಮಾಡಿ ನೋಡಲು ಒಪ್ಪಂದ ಮಾಡಿಕೊಂಡಿತು. ಮಾರನೆಯ ವರ್ಷ ಕೊರೆಯುವಾಗ ನೆಲದೊಳಗಿನ ನೀರು ಉಕ್ಕಿ ಪಕ್ಕದ ಹಳ್ಳಕ್ಕೆ ಸೇರಿದ್ದು ದೊಡ್ಡ ಸುದ್ದಿಯಾಯಿತು. ಮೇಲೆ ಹೇಳಿದ ಮೂರನೆಯ ಪ್ರಶ್ನೆ ನೆನಪಿದೆಯಾ, ಬಳಸಿದ ನೀರು ಎಲ್ಲಿಗೆ ಎಂದು? ಪುಗಾದಂಥ ಕಡೆ ನನ್ನ ವೋಟು ಸಣ್ಣ ಬೈನರಿಗೆ, ಅದೂ ಕರೆಂಟ್ ತೆಗೆದ ಮೇಲೆ ಉಳಿದ ಬಿಸಿನೀರು ಮನೆ ಬೆಚ್ಚಗಿಡಲು, ಹಸಿರುಮನೆಯಲ್ಲಿ ಸೊಪ್ಪು ಬೆಳೆಯಲು ಹೋಗುವ ಹಾಗಿದ್ದರೆ.

ಹೋಟೆಲ್ ಆಸೆಯವರಿಗೂ ಇದನ್ನೇ ಹೇಳುತ್ತೇನೆ. ಮಣಿಕರಣ್ ಗುರುದ್ವಾರದಲ್ಲಿ ಅಕ್ಕಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಬುಗ್ಗೆಗೆ ಇಳಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅನ್ನ. ಆ ಬಿಸಿಯಲ್ಲಿ ಕರೆಂಟ್ ಮಾಡಿ, ಆ ಕರೆಂಟಿನಲ್ಲಿ ಹೀಟರ್ ಹಾಕಿ ಅನ್ನ ಬೇಯಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲೇ ಸೋರಿರುತ್ತದೆ. ಹಾಗಾಗಿ ಮೊದಲು ನಿಮ್ಮ ಹೋಟೆಲಿನ ಬಿಲ್ ತೆಗೆದು, ಬಿಸಿನೀರಿಗೆ, ರೂಮ್ ಬೆಚ್ಚಗಿಡಲು ಎಷ್ಟು ಹೋಗುತ್ತಿದೆ ನೋಡಿ. ಅಷ್ಟಕ್ಕೆ ಪೈಪು, ಒಂದು ಎಕ್ಸ್‌ಚೇಂಜರ್ ಸಾಕು. ದೀಪಕ್ಕೆ, ಫ್ರಿಜ್ಜಿಗೆ ಉಳಿದದ್ದಕ್ಕೆ ಬೈನರಿ ಬೇಕೇ ಎಂದು ಆಮೇಲೆ ಕೊಟೇಶನ್ ಕೇಳಿ. ಕೇಳುವಾಗ ಬರೀ ಕಿಲೋವ್ಯಾಟ್ ಕೇಳಬೇಡಿ. ನಿಮ್ಮೂರಿನ ಜೂನ್ ಮಧ್ಯಾಹ್ನದಲ್ಲಿ, ಪಂಪು ಫ್ಯಾನು ಕಳೆದು, ಮೀಟರಿನ ಆಚೆ ಎಷ್ಟು ಬರುತ್ತದೆ ಎಂದು ಬರೆದುಕೊಡಲು ಹೇಳಿ.